ನಾಲ್ಕು ಕಂಬದ ಪಡಸಾಲೆ

ಮನುಷ್ಯನಿಗೆ ಅಂಟಬಾರದ ಹವ್ಯಾಸಗಳಲ್ಲಿ ಬಡಗಿ ಕೆಲಸಕ್ಕೆ ಮೊದಲ ಸ್ಥಾನ ಕೊಡಬೇಕೆಂದು ನನ್ನ ಅಭಿಪ್ರಾಯ. ಇಸ್ಪೀಟಾಡುವವನು ಎಷ್ಟೇ ಸೋತರೂ ಹತ್ತು ಬೆರಳುಗಳನ್ನು ಉಳಿಸಿಕೊಂಡೇ ಮನೆಗೆ ಬರುತ್ತಾನೆ. ನಾಟಕದ ಹುಚ್ಚು ಹಿಡಿದವನಿಗೆ ಹೆಚ್ಚೆಂದರೆ ಗಂಟಲು ಕಟ್ಟಬಹುದು, ಬಿಸಿನೀರು ಕುಡಿದರೆ ಸರಿಹೋಗುತ್ತದೆ. ಉಳಿ ಹಿಡಿದವನ ಗತಿ ಹಾಗಲ್ಲ. ನನ್ನ ಎಡಗೈಯ ಜಜ್ಜಿದ ಹೆಬ್ಬೆರಳನ್ನು ನೋಡಿದವರು, "ಏನ್ರೀ ಗುಮಾಸ್ತರ, ವ್ಯಾಗನ್ ಬಾಗಿಲಿಗೆ ಸಿಕ್ಕಿತೇನು?" ಎಂದು ಕೇಳುತ್ತಾರೆ. ನಾನು ಹೂಂ ಎಂದು ಮುಂದೆ ಹೋಗಿಬಿಡುತ್ತೇನೆ. ಹೊಸಪೇಟೆ ಸ್ಟೇಷನ್ನಿನಲ್ಲಿ ನಾನು ಗೂಡ್ಸ್ ಗುಮಾಸ್ತ. ಸಂಡೂರಿನ ಗುಡ್ಡದಿಂದ ಬಂದ ಅದಿರನ್ನು ವ್ಯಾಗನ್ನುಗಳಿಗೆ ತುಂಬಿಸಿ ಸಾಗಿಸುವುದು ನನ್ನ ಕೆಲಸ. ಅಂಥವನ ಹೆಬ್ಬೆರಳು ಬಾಗಿಲಿಗೆ ಸಿಕ್ಕಿತೆಂದರೆ ಅದರಲ್ಲಿ ಒಂದು ಗೌರವವಿದೆ. ಹೆಂಡತಿಯನ್ನು ಮನೆಗೆ ಕರೆತರಲು ಹೋಗಿ ಬಡಗಿಯ ಕೊಡತಿಯಿಂದ ಏಟು ತಿಂದೆ ಎಂದು ಯಾರಿಗೆ ಹೇಳಲಿ?

ನಿಮಗೆ ಹೇಳಬಹುದು. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಮಣ್ಣಿನ ಚಪ್ಪಟೆ ಸೂರಿನ ನನ್ನದೊಂದು ಸಣ್ಣ ಮಾಳಿಗೆ ಮನೆ ಇದೆ. ಒಂದು ಅಡುಗೆಮನೆ, ಒಂದು ನಡುಮನೆ, ಆಮೇಲೆ ನೇರವಾಗಿ ಬೀದಿ. ನಮ್ಮ ಮನೆಯಾಕೆ ತಮ್ಮನ ಮದುವೆಗೆಂದು ಕಂಪ್ಲಿಯ ತವರಿಗೆ ಹೋದವಳು ಮದುವೆ ಮುಗಿದರೂ ಬರಲಿಲ್ಲ. ತಮ್ಮನ ಹೆಂಡತಿ ಹೊಸಬಳು ಎಂದು ಹೇಳಿಕಳಿಸಿದಳು, ಆಮೇಲೆ ನಾಟಿ ಬಂತು ಎಂದಳು, ಆಮೇಲೆ ಏನನ್ನೂ ಹೇಳುವುದನ್ನು ಬಿಟ್ಟಳು. ನಮ್ಮಲ್ಲಿ ಜಗಳವೇನೂ ಆಗಿರಲಿಲ್ಲ. ಜಗಳವಾಗಬೇಕಾದರೆ ಇಬ್ಬರೂ ಮಾತಾಡಬೇಕು, ನನಗೆ ಮನೆಗೆ ಬಂದ ಮೇಲೆ ಪತ್ರಿಕೆ ಓದುವ ಅಭ್ಯಾಸ. ಹೊರಡುವ ದಿನ ಮಾತ್ರ ಚೀಲ ಕಟ್ಟುತ್ತ ಒಂದು ಮಾತು ಅಂದಿದ್ದಳು: "ಈ ಮನ್ಯಾಗ ಒಂದು ಪಡಸಾಲಿ ಇಲ್ರೀ. ಒಳಗ ಕುಂತ್ರ ಗೋಡಿ, ಹೊರಗ ಕುಂತ್ರ ಬೀದಿ. ದಿನಾ ಹೆಂಗ ಕಳೀಲಿ?"

ಅವಳು ಹೋದ ಮೇಲೆ ಮನೆಯ ಸದ್ದು ನಿಂತುಹೋಯಿತು. ಇದ್ದಾಗ ಅವಳೇನು ಗದ್ದಲ ಮಾಡುತ್ತಿದ್ದಳೆಂದಲ್ಲ. ಸೌಟು ಬೋಗುಣಿಗೆ ತಾಗುವುದು, ಬಳೆ ಸರಿಸಿಕೊಳ್ಳುವುದು, ಇಷ್ಟೇ. ಈಗ ಪತ್ರಿಕೆಯ ಹಾಳೆ ಮಗುಚಿದರೆ ಇಡೀ ಮನೆಗೆ ಕೇಳುತ್ತಿತ್ತು. ಊಟ ಖಾನಾವಳಿಯಲ್ಲಿ. ಖಾನಾವಳಿಯ ಅಜ್ಜಿ ನನ್ನ ಎಲೆಗೆ ಮಾತ್ರ ಕೇಳದೆಯೇ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ಕನಿಕರದ ರೊಟ್ಟಿ ಗಂಟಲಲ್ಲಿ ಬೇಗ ಇಳಿಯುವುದಿಲ್ಲ. ಸಂಜೆಯಾದರೆ ಮನೆಗೆ ಹೋಗಲು ಮನಸ್ಸಾಗದೆ, ಹೊರಟುಹೋದ ಗಾಡಿಯ ಹಳಿಯನ್ನು ನೋಡುತ್ತ ಪ್ಲಾಟ್‌ಫಾರಂ ಮೇಲೆ ನಿಂತಿರುತ್ತಿದ್ದೆ. ಸ್ಟೇಷನ್ ಮಾಸ್ತರರು ಅದನ್ನು ಕರ್ತವ್ಯನಿಷ್ಠೆ ಎಂದು ತಿಳಿದು ಮೆಚ್ಚಿಕೊಂಡರು.

ಯಾರು ಏನೇ ಹೇಳಿದರೂ ಅದನ್ನು ಅಳತೆಪಟ್ಟಿ ಹಿಡಿದು ಕೇಳುವ ಸ್ವಭಾವ ನನ್ನದು. ಪಡಸಾಲೆ ಇಲ್ಲ ಎಂದಳಲ್ಲವೆ? ಪಡಸಾಲೆ ಕಟ್ಟಿದರಾಯಿತು. ಮನೆಯ ಮುಂದೆ ನಾಲ್ಕು ಕಂಬ, ಮೇಲೆ ಎರಡು ತೊಲೆ, ತೊಲೆಗಳ ಮೇಲೆ ಅಡ್ಡಡ್ಡ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಕೂಲಿ ಕೊಟ್ಟು ಕಟ್ಟಿಸಿದರೆ ಅದು ಆಚಾರಿಯ ಪಡಸಾಲೆಯಾಗುತ್ತದೆ, ನಾನೇ ಕಟ್ಟಿದರೆ ಅವಳು ನೋಡಲಿಕ್ಕಾದರೂ ಬಂದಾಳು ಎಂದು ನನ್ನ ಲೆಕ್ಕಾಚಾರ. ಆ ವರ್ಷ ನಮ್ಮೂರಿನ ವಕೀಲರೊಬ್ಬರಿಗೆ, ಓದಿದವರೆಲ್ಲ ಒಂದೊಂದು ಕೈಕಸುಬು ಕಲಿಯಬೇಕು ಎಂಬ ಹುಮ್ಮಸ್ಸು ಬಂದು, ಕಮಲಾಪುರದ ಮೌನೇಶಾಚಾರಿಯ ಕೆಲಸದ ಚಪ್ಪರದಲ್ಲಿ ಭಾನುವಾರದ ತರಗತಿ ಶುರುವಾಗಿತ್ತು. ಮೊದಲ ಭಾನುವಾರ ಕೂಡಲು ದಿಮ್ಮಿಗಳು ಸಾಲದಷ್ಟು ಜನ. ವಕೀಲರು ಶ್ರಮದ ಮಹಿಮೆಯ ಬಗ್ಗೆ ಮಾತಾಡಿದರು. ಮರುವಾರ ಆಚಾರಿ ಎಲ್ಲರ ಕೈಗೂ ಬಾಚಿ ಕೊಟ್ಟು ಬೇವಿನ ದಿಮ್ಮಿ ಕೆತ್ತಲು ಹೇಳಿದ. ಅದರ ಮರುವಾರಕ್ಕೆ ಉಳಿದವರು ನಾನು ಮತ್ತು ಬಟ್ಟೆ ಅಂಗಡಿಯ ಕೊಟ್ರಪ್ಪ ಶೆಟ್ಟರು. ವಕೀಲರ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತಂತೆ.

ಶೆಟ್ಟರು ಯಾಕೆ ಉಳಿದರೆಂಬುದು ನನಗೆ ಸೋಜಿಗ. ಅವರದು ತುಂಬಿದ ಸಂಸಾರ, ಕಂಬಗಳೇ ಕಾಣದಷ್ಟು ಮಂದಿ ಕೂಡುವ ಪಡಸಾಲೆ. ಕೇಳಿದರೆ, "ನಮ್ಮ ಮನ್ಯಾಗ ಎಲ್ಲಾರೂ ಒಮ್ಮೆಗೇ ಮಾತಾಡ್ತಾರ್ರೀ. ಇಲ್ಲಿ ಗರಗಸದ ಸಪ್ಪಳದಾಗ ಕಿವಿಗೆ ಭಾಳ ಆರಾಮ" ಎಂದರು. ಹೀಗೆ ಮಾತು ಹೆಚ್ಚಾದವರೊಬ್ಬರು, ಮಾತು ಸಿಗದವನೊಬ್ಬ, ಒಂದೇ ಗರಗಸದ ಎರಡು ತುದಿ ಹಿಡಿದು ಎಳೆದಾಡುತ್ತಿದ್ದೆವು.

ನಮ್ಮ ಗುರುವಿನ ಬಗ್ಗೆ ಹೇಳಬೇಕು. ಮೌನೇಶಾಚಾರಿಗೆ ಹೆಸರಿನ ಪ್ರಭಾವ ಎಳ್ಳಷ್ಟೂ ಆಗಿರಲಿಲ್ಲ. ಉಳಿ ಮಸೆಯುತ್ತ ಕುಳಿತರೆ, ಸಂಡೂರಿನ ಯಾವುದೋ ದೊಡ್ಡ ಮನೆಗೆ ತಾನು ಮಾಡಿದ ಬಾಗಿಲಿನ ಕಥೆ ಶುರು. ಪ್ರತಿ ವಾರವೂ ಆ ಬಾಗಿಲು ಒಂದಿಷ್ಟು ಎತ್ತರವಾಗುತ್ತ ಹೋಗಿ, ಕೊನೆಗೆ ಅಂಬಾರಿ ಹೊತ್ತ ಆನೆ ಬಗ್ಗದೆ ಹೋಗುವಷ್ಟಾಯಿತು. ಇಷ್ಟಾಗಿ ಅವನದೇ ಮನೆಯ ತೊಲೆಗೆ ಒಂದು ಒನಕೆ ಆಧಾರವಾಗಿ ನಿಂತಿತ್ತು. ಅದನ್ನು ತೋರಿಸಿದರೆ, "ಊರ ಮನೀ ಕೆಲಸ ಮುಗೀಲಿ ತಡೀರಿ" ಎನ್ನುತ್ತಿದ್ದ. ಒಂದು ವಿಷಯದಲ್ಲಿ ಮಾತ್ರ ಅವನು ಕಟ್ಟುನಿಟ್ಟು. ಕಬ್ಬಿಣದ ಮೊಳೆ ಮುಟ್ಟುವಂತಿಲ್ಲ. ಕಂಬದ ತಲೆಯಲ್ಲಿ ಒಂದು ನಾಲಿಗೆ ಕೆತ್ತಬೇಕು, ತೊಲೆಯ ಹೊಟ್ಟೆಯಲ್ಲಿ ಅದಕ್ಕೆ ಸರಿಯಾದ ತೂತು ಕೊರೆಯಬೇಕು, ಎರಡನ್ನೂ ಕೂಡಿಸಿ ಅಡ್ಡಲಾಗಿ ಮರದ ಗೂಟ ಹೊಡೆಯಬೇಕು. ನಾನು ಮೊದಲು ಕೆತ್ತಿದ ನಾಲಿಗೆ ತೂತಿನಲ್ಲಿ ಲೊಡಲೊಡ ಆಡಿತು. ಎರಡನೆಯದು ಒಳಗೇ ಹೋಗಲಿಲ್ಲ. ಮೂರನೆಯದು ಅಳತೆಗೆ ಸರಿಯಾಗಿ ಬಂತು, ಆದರೆ ಅದನ್ನು ಕಂಬದ ಬುಡದಲ್ಲಿ ಕೆತ್ತಿದ್ದೆ. "ಗಿಡ ಹೆಂಗ ನಿಂತಿತ್ತು, ಕಂಬ ಹಂಗ ನಿಲ್ಲಬೇಕ್ರೀ. ಪಾಪ, ಅದಕ್ಕ ಶೀರ್ಷಾಸನ ಹಾಕ್ಸಾಕತ್ತೀರಲ್ಲ!" ಎಂದು ಆಚಾರಿ ಹಣೆ ಹಣೆ ಬಡಿದುಕೊಂಡ. ಶೆಟ್ಟರು ಬಹಳ ದಿನಗಳ ಮೇಲೆ ಬಾಯಿ ತುಂಬ ನಕ್ಕರು. ನನಗೂ ನಗು ಬಂತು. ಮನೆಗೆ ಹೋದ ಮೇಲೆ ಅದನ್ನು ಯಾರಿಗಾದರೂ ಹೇಳಬೇಕೆನಿಸಿ, ಹೇಳಲು ಯಾರೂ ಇಲ್ಲದೆ, ಆ ನಗು ಹಾಗೇ ಹಳಸಿಹೋಯಿತು.

ಕಲಿತದ್ದನ್ನು ಮನೆಯಲ್ಲಿ ಸಾಧನೆ ಮಾಡಲು ಹೋಗಿ ಇನ್ನೊಂದು ಫಜೀತಿ. ಮರದ ಮೇಲೆ ನೆಟ್ಟಗಿನ ಗೆರೆ ಬೇಕಾದರೆ ಬಡಗಿಗಳು ಕೆಮ್ಮಣ್ಣಿನ ನೀರಲ್ಲಿ ಅದ್ದಿದ ದಾರವನ್ನು ಬಿಗಿಯಾಗಿ ಹಿಡಿದು ಮಿಡಿಯುತ್ತಾರೆ. ಈ ತುದಿ ಒಬ್ಬರು, ಆ ತುದಿ ಒಬ್ಬರು. ಚಪ್ಪರದಲ್ಲಿ ಆ ತುದಿಗೆ ಶೆಟ್ಟರಿರುತ್ತಿದ್ದರು. ಮನೆಯಲ್ಲಿ ಯಾರಿದ್ದಾರೆ? ಕಿಟಕಿಯ ಸರಳಿಗೆ ಕಟ್ಟಿದೆ. ಎಷ್ಟು ಸಲ ಮಿಡಿದರೂ ಗೆರೆಗಳೆಲ್ಲ ಮರ ಬಿಟ್ಟು ಕಿಟಕಿಯ ಕಡೆಗೇ ಏರಿಹೋದವು. ಕೈಗೆ, ಪಂಚೆಗೆ, ಗೋಡೆಗೆ ಎಲ್ಲಾ ಕೆಂಪು. ಆ ದಾರವನ್ನು ಹಿಡಿದು ನಿಂತಾಗ ನನಗೆ ನಿಜವಾಗಿಯೂ ಅಳು ಬಂದಿತ್ತು. ಇದನ್ನು ಶೆಟ್ಟರಿಗೂ ಹೇಳಿಲ್ಲ.

ನಡುವೆ ಒಂದು ಭಾನುವಾರ ಆಚಾರಿ ನಮ್ಮನ್ನು ಹಂಪಿಗೆ ಎಳೆದುಕೊಂಡು ಹೋದ. ಅಲ್ಲಿನ ಕಲ್ಲಿನ ಮಂಟಪಗಳಲ್ಲಿ ಕಂಬದ ಮೇಲೆ ತೊಲೆ ಕೂತ ರೀತಿಯನ್ನು ಬೆರಳಿಟ್ಟು ತೋರಿಸಿ, "ಅವರು ಕಲ್ಲಾಗ ಮಾಡ್ಯಾರ. ನಿಮಗ ಬೇವಿನ ಕಟಿಗ್ಯಾಗ ಮಾಡಾಕ ಏನು ಧಾಡಿ?" ಎಂದು ಬೈದ. ಅವನು ಶೆಟ್ಟರಿಗೆ ಆನೆ ಹೋಗುವ ಬಾಗಿಲಿನ ಕಥೆ ಹೇಳುತ್ತ ಮುಂದೆ ನಡೆದಾಗ ನಾನು ಒಂದು ಮಂಟಪದಲ್ಲಿ ಕುಳಿತೆ. ಕಣ್ಣು ಹಾಯಿಸಿದಷ್ಟೂ ಕಂಬ, ತೊಲೆ, ನೆರಳು. ಎಲ್ಲವೂ ಭದ್ರ, ಒಂದಕ್ಕೂ ಒನಕೆಯ ಆಧಾರ ಬೇಕಿಲ್ಲ. ಆದರೆ ಒಂದು ಆಡು ಮತ್ತು ನನ್ನನ್ನು ಬಿಟ್ಟರೆ ಕೂಡುವವರು ಯಾರೂ ಇಲ್ಲ. ಪಡಸಾಲೆ ಕಟ್ಟಿದ ಮಾತ್ರಕ್ಕೆ ಜನ ಬಂದು ಕೂಡುವುದಿಲ್ಲವೇನೋ ಎಂಬ ಸಂಶಯ ಮೊದಲು ಹುಟ್ಟಿದ್ದು ಅಲ್ಲಿಯೇ. ಆಡು ನನ್ನನ್ನು ಒಮ್ಮೆ ನೋಡಿ ಎದ್ದು ಹೋಯಿತು.

ಅಂತೂ ಕಂಬ ತೊಲೆಗಳು ತಯಾರಾದವು. ಗಾಡಿಯ ಮೇಲೆ ಹೇರಿ ಮನೆಯ ಮುಂದೆ ಇಳಿಸಿದ್ದೂ ಆಯಿತು. ಬರುವ ಸೋಮವಾರ ನಿಲ್ಲಿಸೋಣ ಎಂದು ಆಚಾರಿ ಮುಹೂರ್ತ ಹೇಳಿದ. ಹೇಳಿದವನು, ಹಾಗೇ ಏನೋ ನೆನಪಾದವನಂತೆ, "ನಿಮ್ಮ ಮನಿಯವ್ರು ಅವತ್ತು ಮುಂಜಾನೆ ಮಿಂದು ತಯಾರಿರಲಿ. ಮೊದಲನೇ ಕಂಬಕ್ಕ ಅರಿಷಿಣ-ಕುಂಕುಮ ಅವರೇ ಹಚ್ಚಬೇಕು" ಎಂದ.

"ಅವರು ಊರಾಗಿಲ್ಲಲ್ಲ ಆಚಾರೀ."

"ಬಂದ ಮ್ಯಾಲೆ ನಿಲ್ಲಿಸೋಣು."

"ಪಡಸಾಲಿ ಆದ ಮ್ಯಾಲೆ ಬರ್ತಾರ."

"ಅವರು ಬಂದ ಮ್ಯಾಲೆ ಪಡಸಾಲಿ ಆಗ್ತೈತಿ. ಮನಿ ಹೆಣ್ಣುಮಗಳು ಅರಿಷಿಣ ಹಚ್ಚದ ಕಂಬ ನಾ ಮುಟ್ಟಂಗಿಲ್ರೀ."

"ಬಾಜೂ ಮನಿಯವ್ರು ಹಚ್ಚಿದ್ರ ನಡ್ಯಂಗಿಲ್ಲೇನು?"

"ಕಂಬ ಬಾಜೂ ಮನ್ಯಾಗ ನಿಲ್ಲಿಸ್ತೀರೇನು?"

ಅವಳು ಬರಲೆಂದು ಪಡಸಾಲೆ, ಪಡಸಾಲೆ ಆಗಬೇಕೆಂದರೆ ಅವಳು. ಇಷ್ಟು ತಿಂಗಳು ಹೆಬ್ಬೆರಳು ಜಜ್ಜಿಕೊಂಡು ನಾನು ಬಂದು ನಿಂತದ್ದು ಮೊದಲು ಎಲ್ಲಿದ್ದೆನೋ ಅಲ್ಲಿಗೇ. ಶೆಟ್ಟರು ನನ್ನ ಭುಜ ತಟ್ಟಿ, "ಕಂಪ್ಲಿಗೆ ಮೋಟಾರು ದಿನಾ ಹೋಗ್ತೈತಿ. ಹೋಗಿ, 'ಬಾ' ಅಂತ ಕರೀರಿ. ಕರಿಯಾಕ ಉಳಿ ಬ್ಯಾಡ, ಕೊಡತಿ ಬ್ಯಾಡ" ಎಂದರು.

ಮೋಟಾರಿನಲ್ಲಿ ಕುಳಿತು, ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಹೊಸಪೇಟೆ ಬಿಡುವಾಗ ಅದು ಉದ್ದವಾಗಿತ್ತು: ನೀನಿಲ್ಲದೆ ಮನೆ ಬಿಕೋ ಎನ್ನುತ್ತದೆ, ನನಗೆ ತಪ್ಪು ಗೊತ್ತಾಗಿದೆ, ಇನ್ನು ಮೇಲೆ ಪತ್ರಿಕೆಯನ್ನು ಸ್ಟೇಷನ್ನಿನಲ್ಲೇ ಓದಿ ಬರುತ್ತೇನೆ. ಕಮಲಾಪುರದಲ್ಲಿ ಜನ ಹತ್ತಿ ಒತ್ತರಿಸಿದಾಗ ಪತ್ರಿಕೆಯ ಭಾಗ ಬಿದ್ದುಹೋಯಿತು. ಕಬ್ಬಿನ ಗದ್ದೆಗಳ ನಡುವೆ ಎಲ್ಲೋ ತಪ್ಪಿನ ಭಾಗ ಹೋಯಿತು. ಕಂಪ್ಲಿಯಲ್ಲಿ ಇಳಿಯುವಾಗ ನನ್ನ ಬಳಿ ಉಳಿದದ್ದು ಕಂಬ ಮಾತ್ರ.

ಮಾವನ ಮನೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಮೊರ ಹಿಡಿದು ಅಕ್ಕಿ ಆರಿಸುತ್ತ ಕುಳಿತಿದ್ದರು. ನಡುವೆ ಇವಳು, ಏನನ್ನೋ ಹೇಳಿ ನಗುತ್ತಿದ್ದಳು. ಅವಳು ಅಷ್ಟು ಜೋರಾಗಿ ನಗುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ನನ್ನನ್ನು ಕಂಡು ಎಲ್ಲರೂ ಸೆರಗು ಸರಿಮಾಡಿಕೊಂಡರು. ಮಾವ ಒಳಗಿನಿಂದ, "ಅಳಿಯಂದ್ರು ಬಂದ್ರು, ಕಾಲಿಗೆ ನೀರು ಕೊಡ್ರಿ" ಎಂದು ಕೂಗಿದರು. ನೀರಿನ ತಂಬಿಗೆ ಹಿಡಿದು ಇವಳೇ ಬಂದಳು.

"ಕಂಬಕ್ಕ ಅರಿಷಿಣ ಹಚ್ಚಬೇಕಾಗೈತಿ" ಎಂದೆ.

"ಯಾರ ಕಂಬಕ್ಕ?"

"ನಮ್ಮ ಕಂಬಕ್ಕ. ಪಡಸಾಲಿ ಕಟ್ಟಾಕತ್ತೀನಿ. ಆಚಾರಿ ನೀ ಬರಬೇಕು ಅಂದ."

"ಆಚಾರಿ ಅಂದ್ನೇನು?" ಎಂದಳು. ಸ್ವಲ್ಪ ಹೊತ್ತು ನಿಂತು ನನ್ನ ಮುಖ ನೋಡಿದಳು. ಅವಳು ಕಾಯುತ್ತಿದ್ದಾಳೆಂದು ನನಗೆ ಗೊತ್ತಾಯಿತು. ಏನಕ್ಕೆ ಎಂಬುದೂ ಗೊತ್ತಾಯಿತು. ನಾನು ಕಾಲು ತೊಳೆದುಕೊಂಡೆ.

ಆದರೂ ಬಂದಳು. ಸೋಮವಾರ ಬೆಳಗ್ಗೆ ಮಿಂದು, ಮೊದಲ ಕಂಬಕ್ಕೆ ವಿಭೂತಿ ಬಳಿದು, ಅರಿಶಿನ ಹಚ್ಚಿ ಕುಂಕುಮವಿಟ್ಟಳು. ತೆಂಗಿನಕಾಯಿ ಒಡೆದು ಕಂಬ ಎತ್ತಿದೆವು. ತೊಲೆ ಏರಿಸಿದಾಗ ನಾಲ್ಕು ನಾಲಿಗೆಗಳೂ ನಾಲ್ಕು ತೂತುಗಳಲ್ಲಿ ಗಟ್ಟಿಯಾಗಿ ಕುಳಿತವು. ಆಚಾರಿಗೇ ನಂಬಿಕೆ ಬರದೆ ಎರಡು ಸಲ ಅಲ್ಲಾಡಿಸಿ ನೋಡಿದ. ಇವಳು ನನ್ನ ಹೆಬ್ಬೆರಳನ್ನು ಹಿಡಿದು ನೋಡಿ, ಅದಕ್ಕೂ ಒಂದಿಷ್ಟು ಅರಿಶಿನ ಮೆತ್ತಿದಳು. ಊಟ ಮುಗಿಸಿ ಎಲ್ಲರೂ ಹೋದ ಮೇಲೆ, ಒಂದು ಕಂಬಕ್ಕೆ ಅವಳು, ಒಂದು ಕಂಬಕ್ಕೆ ನಾನು ಒರಗಿ ಕುಳಿತೆವು.

"ಕಂಬ ನಿಂತ್ವಲ್ಲ. ನಾಳೆ ಮುಂಜಾನೆ ಮೋಟಾರಿಗೆ ಹೊರಡ್ಲೇನು?" ಎಂದಳು.

ಈಗ ಹೇಳಬೇಕಾದ ಮಾತು ಒಂದೇ ಇತ್ತು. ಅದು ಗಂಟಲವರೆಗೆ ಬಂತು, ನಾನು ಕೆತ್ತಿದ ಎರಡನೆಯ ನಾಲಿಗೆಯಂತೆ ಅಲ್ಲೇ ಸಿಕ್ಕಿಕೊಂಡಿತು. "ಹೆಂಗ ಹೋಗ್ತಿ? ಇನ್ನೂ ಜಂತಿ ಏರಿಸೋದೈತಿ. ಜಂತಿಗೂ ಅರಿಷಿಣ ಹಚ್ಚಬೇಕು" ಎಂದೆ.

"ಎಲ್ಲಾ ಜಂತಿಗೂ?"

"ಒಂದೊಂದಕ್ಕೂ."

"ಎಷ್ಟು ಅದಾವ?"

"ಭಾಳ ಅದಾವ."

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು, ನಗು ಮುಚ್ಚಿಕೊಳ್ಳಲಿಕ್ಕೋ ಏನೋ. ಆಮೇಲೆ ಎದ್ದು ಒಳಗೆ ಹೋದಳು. ಸೌಟು ಬೋಗುಣಿಗೆ ತಾಗಿದ್ದು ಕೇಳಿಸಿತು.

ಜಂತಿಗೆ ಅರಿಶಿನ ಹಚ್ಚುವ ಪದ್ಧತಿ ಯಾವ ಸೀಮೆಯಲ್ಲೂ ಇಲ್ಲ. ಮೊನ್ನೆ ಬಂದ ಆಚಾರಿ ತಲೆ ಎತ್ತಿ ನೋಡಿ, ಹಳದಿ ಜಂತಿಗಳ ಸಾಲು ಕಂಡು, ಜೀವಮಾನದಲ್ಲಿ ಮೊದಲ ಸಲ ಮಾತಿಲ್ಲದೆ ನಿಂತ. ಭಾನುವಾರಕ್ಕೊಂದರಂತೆ ಏರಿಸುತ್ತಿದ್ದೇನೆ. ಇಷ್ಟಗಲದ ಪಡಸಾಲೆಗೆ ಬೇಕಾದದ್ದಕ್ಕಿಂತ ದುಪ್ಪಟ್ಟು ಜಂತಿಗಳಾಗಿವೆ, ನಡುವೆ ಕೈ ತೂರದಷ್ಟು ಒತ್ತಾಗಿ ಮಲಗಿವೆ. ಅವಳೂ ಏನೂ ಕೇಳದೆ ಪ್ರತಿ ವಾರ ಅರಿಶಿನದ ಬಟ್ಟಲು ಹಿಡಿದು ಬಂದು ನಿಲ್ಲುತ್ತಾಳೆ, ನನ್ನ ಮುಖ ನೋಡುತ್ತಾಳೆ, ಹಚ್ಚಿ ಹೋಗುತ್ತಾಳೆ. ಹೋಗಬೇಡ ಎಂಬ ಒಂದು ಮಾತು ನನ್ನ ಬಾಯಿಂದ ಬಂದಿದ್ದರೆ ಇಷ್ಟು ಮರ ಉಳಿಯುತ್ತಿತ್ತು. ಇನ್ನು ಒಂದೇ ಒಂದು ಜಂತಿಗೆ ಜಾಗವಿದೆ. ನಾಳೆ ಭಾನುವಾರ.