ವಜ್ರಕಂಠನನ್ನು ಜ್ವರದಲ್ಲಿ ಸಾಯಿಸಿದವರಿಗೆ

ಧೂಮಗಿರಿ ಎಂಬ ಮಹಾರಾಜ್ಯವನ್ನು ಕಟ್ಟಿ, ಅದಕ್ಕೆ ಏಳು ಕೋಟೆ, ಹದಿನೆಂಟು ರಾಕ್ಷಸರು ಮತ್ತು ಹಾರುವ ಕುದುರೆಗಳ ಒಂದು ಲಾಯವನ್ನು ದಯಪಾಲಿಸಿದ ಗ್ರಂಥಕರ್ತರಾದ ಮಾನ್ಯರೇ,

ಕೋಲಾರ ತಾಲ್ಲೂಕು ಹುತ್ತೂರಿನ ಮುನಿಶಾಮಿ ಎಂಬ ನಾನು, ಮೂವತ್ತೆರಡು ವರ್ಷ ಪೌರಾಣಿಕ ನಾಟಕಗಳಲ್ಲಿ ಗದೆ ಹೊತ್ತ ಹೆಗಲನ್ನು ಬಗ್ಗಿಸಿ ತಮ್ಮ ಲೇಖನಿಗೆ ನಮಸ್ಕರಿಸುತ್ತೇನೆ. ತಾವು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಜ್ವರಗಿರ ಏನೂ ಇಲ್ಲ ತಾನೆ? ಇದ್ದರೆ ದಯವಿಟ್ಟು ಔಷಧಿ ತೆಗೆದುಕೊಳ್ಳಿ. ತಮ್ಮ ರಾಜ್ಯದಲ್ಲಿ ಜ್ವರ ಎಷ್ಟು ಅಪಾಯಕಾರಿ ಎಂಬುದು ಐದನೆಯ ಸಂಪುಟ ಓದಿದ ಮೇಲೆ ನಮಗೆಲ್ಲ ಗೊತ್ತಾಗಿದೆ.

ಮೊದಲ ನಾಲ್ಕು ಸಂಪುಟಗಳನ್ನು ನಾನು ಶಾಮಲಮ್ಮನವರ ರೇಷ್ಮೆಹುಳು ಮನೆಯ ಜಗಲಿಯಲ್ಲಿ, ಹುಳುಗಳಿಗೆ ಮಧ್ಯಾಹ್ನದ ಸೊಪ್ಪು ಹಾಕಿದ ಮೇಲೆ, ಹತ್ತು ಹನ್ನೆರಡು ಮಂದಿ ಹೆಂಗಸರಿಗೆ ಗಟ್ಟಿಯಾಗಿ ಓದಿ ಹೇಳಿದ್ದೇನೆ. ಗಟ್ಟಿಯಾಗಿ ಎಂದರೆ, ಹೋಳೂರಿನ ಬಸ್ಸು ನಿಂತು ಕೇಳಿಸಿಕೊಂಡು ಹೋಗುವಷ್ಟು. ಒಂದಕ್ಷರ ಸೇರಿಸಲಿಲ್ಲ, ಒಂದಕ್ಷರ ನುಂಗಲಿಲ್ಲ. "ಮುನಿಶಾಮಣ್ಣ ಓದಿದ್ರೆ ಪುಸ್ತಕ ಬೇರೆ ಅಲ್ಲ, ಅವ್ರ ಬಾಯಿ ಬೇರೆ ಅಲ್ಲ" ಎಂಬ ಹೆಸರೊಂದು ನನಗಿತ್ತು. ಬಣ್ಣ ತೊಳೆದು ಮನೆಗೆ ಬಂದ ನಟನಿಗೆ ಅದಕ್ಕಿಂತ ದೊಡ್ಡ ಕಿರೀಟ ಇನ್ಯಾವುದು, ಮಾನ್ಯರೇ?

ಆ ಕಿರೀಟವನ್ನು ತಾವು ಐದನೆಯ ಸಂಪುಟದ ಇನ್ನೂರ ಹನ್ನೆರಡನೆಯ ಪುಟದಲ್ಲಿ ಕೆಡವಿದಿರಿ. ಸೇನಾಪತಿ ವಜ್ರಕಂಠ, ಯಾರು ಗುಡುಗಿದರೆ ಕೋಟೆಯ ಬಾಗಿಲು ತಾನಾಗಿ ತೆರೆಯುತ್ತಿತ್ತೋ, ಯಾರು ಸಾವಿರದ ಒಂಬೈನೂರು ಪುಟ ರಾಕ್ಷಸರನ್ನು ಚೆಂಡಾಡಿದನೋ, ಆ ಮಹಾವೀರನ ಬಗ್ಗೆ ತಾವು ಬರೆದದ್ದು ಇಷ್ಟೇ: 'ದಾರಿಯಲ್ಲಿ ಜ್ವರ ಬಂದು ವಜ್ರಕಂಠ ತೀರಿಕೊಂಡನೆಂದು ಮರುದಿನ ಸುದ್ದಿ ಬಂತು.' ಎಂಥ ಸಂಯಮ! ಆಮೇಲಿನ ಅರವತ್ತು ಪುಟಗಳನ್ನು ರಾಣಿಯ ಸೋದರತ್ತೆಯರ ವಂಶಾವಳಿಗೆ ಮೀಸಲಿಟ್ಟ ತಮ್ಮ ಔದಾರ್ಯಕ್ಕೆ ಎಣೆಯೇ ಇಲ್ಲ.

ನಮ್ಮ ಕಡೆಯ ರಂಗಭೂಮಿಯಲ್ಲಿ ಸಾಯುವುದೆಂದರೆ ಸುಮ್ಮನಲ್ಲ. ಬಾಣ ನಾಟಿದವನು ಮೊದಲು ಹಾಡಬೇಕು, ತಾಯಿಯನ್ನು ನೆನೆಯಬೇಕು, ಶತ್ರುವಿಗೆ ಶಾಪ ಹಾಕಬೇಕು, ಹಾರ್ಮೋನಿಯಂ ಮೇಷ್ಟ್ರು ಕಣ್ಣು ಒರೆಸಿಕೊಂಡ ಮೇಲೆ ಬೀಳಬೇಕು. ಜನ 'ಒನ್ಸ್ ಮೋರ್' ಎಂದರೆ ಹೆಣ ಎದ್ದು, ಕಿರೀಟ ಸರಿಮಾಡಿಕೊಂಡು, ಮತ್ತೊಮ್ಮೆ ಸಾಯಬೇಕು. ಮಾಲೂರಿನಲ್ಲಿ ನಾನು ಒಂದೇ ಆಟದಲ್ಲಿ ಮೂರು ಸಲ ಸತ್ತಿದ್ದೇನೆ. ಮೂರನೆಯ ಸಾವೇ ಚೆನ್ನಾಗಿತ್ತೆಂದು ಊರವರ ಅಭಿಪ್ರಾಯ.

ಇಂಥವನ ಕಣ್ಣಿಗೆ ಆ ಜ್ವರ ಬಿದ್ದಾಗ ಅದನ್ನು ಓದಲು ನಾಲಿಗೆ ಏಳಲಿಲ್ಲ. ಎದುರಿಗೆ ಶಾಮಲಮ್ಮ ಸೆರಗು ಬಾಯಿಗಿಟ್ಟು ಕೂತಿದ್ದರು. ನಾನು ಪುಸ್ತಕ ಕೆಳಗಿಟ್ಟೆ, ಎದ್ದು ನಿಂತೆ, ವಜ್ರಕಂಠನ ಎದೆಗೆ ನನ್ನ ಕೈಯಾರೆ ಬಾಣ ನೆಟ್ಟು, ಅರ್ಧ ಗಂಟೆ ಹಾಡಿ ಸತ್ತೆ. ಜಗಲಿ ಗೊಳೋ ಎಂದಿತು. "ಒನ್ಸ್ ಮೋರ್!" ಎಂದು ಕೂಗಿತು. ಎದ್ದು ಮತ್ತೆ ಸತ್ತೆ. ಆ ಉತ್ಸಾಹದಲ್ಲಿ ಬಾಣ ಬೆನ್ನಿಗೆ ಬಿತ್ತು.

ನೂಲು ತೆಗೆಯುವ ಸುಗ್ರಾ ಅವರ ಮಗಳು ಮಹೆಕ್, ಕಾಲೇಜಿನ ಹುಡುಗಿ, "ಅಂಕಲ್, ಮೊದಲ್ನೇ ಸಲ ಎದೆಗೆ ಬಿದ್ದಿತ್ತಲ್ಲ?" ಎನ್ನುತ್ತ ಪುಸ್ತಕ ಎತ್ತಿಕೊಂಡಳು, ಜ್ವರದ ವಾಕ್ಯವನ್ನು ಎಲ್ಲರಿಗೂ ಓದಿಬಿಟ್ಟಳು. "ಜ್ವರಮಾ! ಅಂತಟಿ ಮನಿಷಿಕಿ ಜ್ವರಮಾ!" ಅಂಥ ಮನುಷ್ಯನಿಗೆ ಜ್ವರವೇ ಎಂದು ಶಾಮಲಮ್ಮ ತೆಲುಗಿನಲ್ಲೇ ಹಣೆ ಚಚ್ಚಿಕೊಂಡರು, ಅವರ ಸಿಟ್ಟು ಯಾವತ್ತೂ ಮನೆಮಾತಿನಲ್ಲೇ ಹೊರಡುವುದು. "ಯಾಕ್ರೀ, ಆ ರಾಜ್ಯದಲ್ಲಿ ಒಂದು ಮಾತ್ರೆ ಕೊಡೋರಿಗೂ ಗತಿ ಇರ್ಲಿಲ್ವಾ?" ಎಂದರು ಸುಗ್ರಾ. ಆಮೇಲೆ ಶಾಮಲಮ್ಮ ನನ್ನತ್ತ ತಿರುಗಿ, "ಅಲ್ಲ ಕಣಣ್ಣ, ಇಷ್ಟು ದಿನ ಓದಿದ್ರಲ್ಲಿ ಪುಸ್ತಕದ್ದೆಷ್ಟು, ನಿಂದೆಷ್ಟು?" ಎಂದು ಕೇಳಿದರು. ಮಾನ್ಯರೇ, ನಿಜವಾದ ಬಾಣ ಅದು. ಹಾಡಲಾಗಲಿಲ್ಲ.

ಅಂದಿನಿಂದ ಓದು ನಿಂತಿದೆ. ಮೊದಲ ನಾಲ್ಕು ಸಂಪುಟಗಳಲ್ಲಿ ನಾನೇನು ಕಲಬೆರಕೆ ಮಾಡಿದ್ದೇನೆಂದು ಮಹೆಕ್ ಹೆಂಗಸರ ನೆನಪಿನೊಂದಿಗೆ ಹೋಲಿಸಿ ಪುಟಪುಟವೂ ಪರೀಕ್ಷಿಸುತ್ತಿದ್ದಾಳೆ. ಆದ್ದರಿಂದ ತಮ್ಮಲ್ಲಿ ಅತ್ಯಲ್ಪ ಕೋರಿಕೆಗಳು: ತಾವು ಖುದ್ದಾಗಿ ಹುತ್ತೂರಿಗೆ ದಯಮಾಡಿಸಿ, ಆ ಜ್ವರ ತಮ್ಮದೇ, ಬಾಕಿ ನಾಲ್ಕು ಸಂಪುಟಗಳಲ್ಲಿ ನನ್ನ ಕೈವಾಡವಿಲ್ಲವೆಂದು ಜಗಲಿಯಲ್ಲಿ ನಿಂತು ಸಾಕ್ಷಿ ಹೇಳಬೇಕು, ಅಥವಾ ಮಾರಾಟವಾದ ಅಷ್ಟೂ ಪ್ರತಿಗಳನ್ನು ಮನೆಮನೆಗೆ ಹೋಗಿ ವಾಪಸ್ಸು ಪಡೆದು, ಜ್ವರವನ್ನು ಹೊಡೆದುಹಾಕಿ, ಸ್ವಹಸ್ತದಿಂದ ಬಾಣ ಎಂದು ತಿದ್ದಿಕೊಡಬೇಕು. ಎರಡೂ ಆಗದಿದ್ದರೆ ವಜ್ರಕಂಠನನ್ನು ಎಬ್ಬಿಸಿ. ನಮ್ಮಲ್ಲಿ ಯಾರೂ ಹೇಗೆಂದು ಕೇಳುವುದಿಲ್ಲ.

ಇಷ್ಟಾದರೂ ತಮ್ಮನ್ನು ಓದುವುದು ಬಿಡಲಾಗದ,
ತಮ್ಮ ವಿಶ್ವಾಸಿ,
ಮುನಿಶಾಮಿ, ಹುತ್ತೂರು

ಕೊನೆಯ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಶಾಮಲಮ್ಮನವರಿಂದ ಕರೆ ಬಂತು. ನಾಲ್ಕೂ ಸಂಪುಟಗಳ ನನ್ನ ಓದು ಅಕ್ಷರಶಃ ಸರಿಯಾಗಿತ್ತೆಂದು ಮಹೆಕ್ ತೀರ್ಪು ಕೊಟ್ಟಿದ್ದಾಳಂತೆ. ನಾಳೆಯಿಂದ ಓದು ಶುರು. ಒಂದೇ ಷರತ್ತು: "ಯಾರಾದ್ರೂ ಸಾಯೋ ಹಂಗಿದ್ರೆ ಪುಸ್ತಕ ಮಡಚಿಬಿಡಣ್ಣ, ಅದು ನಿನ್ ಕೆಲ್ಸ." ಹಾಗಾಗಿ ಆರನೆಯ ಸಂಪುಟ ಬರೆಯುವಾಗ, ದೊಡ್ಡವರು ಸಾಯುವ ಕಡೆಯಲ್ಲೆಲ್ಲ ಒಂದೊಂದು ಪುಟ ಖಾಲಿ ಬಿಟ್ಟು ತಾವು ವಿಶ್ರಾಂತಿ ತೆಗೆದುಕೊಳ್ಳಿ. ಮಿಕ್ಕಿದ್ದನ್ನು ನಾವು ನೋಡಿಕೊಳ್ಳುತ್ತೇವೆ.