ಮಾವ ಮತ್ತು ಎಂಟು ಲೋಟ ನೀರು

ನಮ್ಮ ಸೋದರಮಾವ ನೀರನ್ನೇ ಕುಡಿಯದೆ ಎಂಬತ್ತೆರಡು ವರ್ಷ ಬದುಕಿದ್ದಾರೆ. ನಂಬಿಕೆ ಬರಲಿಲ್ಲವೇ? ಅವರನ್ನೇ ಕೇಳಿ ನೋಡಿ! "ನೀರು ಇರೋದು ಸ್ನಾನಕ್ಕೆ ಕಣೋ. ಕುಡಿಯೋಕೆ ದೇವರು ಕಾಫಿ ಕೊಟ್ಟಿಲ್ವಾ?" ಎಂದು ನಿಮ್ಮನ್ನೇ ಪೆದ್ದರನ್ನಾಗಿ ಮಾಡುತ್ತಾರೆ.

ಮಾವ ಚಿಕ್ಕಪೇಟೆಯಲ್ಲಿ ನಲವತ್ತು ವರ್ಷ ರೇಷ್ಮೆ ಸೀರೆ ಮಾರಿದವರು. ಅತ್ತೆ ತೀರಿಕೊಂಡ ಮೇಲೆ ನಮ್ಮೆಲ್ಲರ ಮನೆಯಲ್ಲೂ ಒಂದೊಂದು ವಾರ ಇದ್ದು ನೋಡಿ, ಯಾರ ಮನೆಯ ಕಾಫಿಯನ್ನೂ ಪಾಸು ಮಾಡದೆ, ತಾವಾಗಿಯೇ ಶಂಕರಪುರದ ಒಂದು ವೃದ್ಧಾಶ್ರಮ ಸೇರಿಕೊಂಡರು. ಅಲ್ಲಿ ಅವರಿಗೆ ಎದುರಾದವರು ನರ್ಸಮ್ಮ. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಲೋಷನ್ ಬಾಟಲಿ!

ಮೊದಲ ದಿನವೇ ಆಕೆ ಮಾವನ ನಾಲಿಗೆ ನೋಡಿ, ಮುಂಗೈ ಸವರಿ, ತಲೆ ಕೊಡವಿದರು.

"ತಾತ, ಮೈಯಲ್ಲಿ ನೀರೇ ಇಲ್ಲ. ಚರ್ಮ ಹೇಗೆ ಸುಕ್ಕಾಗಿದೆ ನೋಡಿ! ದಿನಾ ಎಂಟು ಲೋಟ ಕುಡೀಬೇಕು."

"ಅಪ್ಪಟ ರೇಷ್ಮೆ ಸುಕ್ಕಾಗೇ ಆಗುತ್ತಮ್ಮ. ಆಗ್ಲಿಲ್ಲ ಅಂದ್ರೆ ಅದು ಪಾಲಿಯೆಸ್ಟರ್ರು!"

ಹದಿನೈದು ದಿನಕ್ಕೆ ಲೋಷನ್ ಬಾಟಲಿ ಖಾಲಿಯಾಯಿತು. ನರ್ಸಮ್ಮನಿಗೆ ಹಿಗ್ಗೋ ಹಿಗ್ಗು. ಆದರೆ ಮಾವನ ಕಾಲು ಮಾತ್ರ ಬೂದಿ ಬಳಿದ ಹಾಗೇ ಇದೆ! ವಿಚಾರಿಸಿದರೆ, ಅಷ್ಟನ್ನೂ ಕಿರುಗುಟ್ಟುವ ಕಪಾಟಿನ ಬಾಗಿಲಿಗೆ ಬಳಿದಿದ್ದರು.

"ಒಳ್ಳೇ ಔಷಧಿ ಕಣಮ್ಮ. ಈಗ ಕಿರ್ ಅನ್ನಲ್ಲ!"

ಎರಡನೆಯ ಬಾಟಲಿ ಒಂದೇ ವಾರದಲ್ಲಿ ಮುಗಿದಾಗ ನನಗೇ ನರ್ಸಮ್ಮನ ಫೋನ್ ಬಂತು. ಇನ್ನೆಷ್ಟು ಬಾಗಿಲುಗಳಿವೆಯಪ್ಪಾ ಆ ಆಶ್ರಮದಲ್ಲಿ? ಭಾನುವಾರ ಬೆಳಿಗ್ಗೆ, ಚೆನ್ನಾಗಿ ಬೈದೇ ಬಿಡೋಣವೆಂದು ಹೊರಟೆ.

ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟೆ. ಮಾವ ಸ್ಟೂಲಿನ ಮೇಲೆ ಕೂತಿದ್ದರು. ಪಕ್ಕದ ಮಂಚದ ಮುದುಕರ ಕಾಲು ಅವರ ತೊಡೆಯ ಮೇಲಿತ್ತು. ಆ ಮುದುಕರಿಗೆ ನೆನಪೆಲ್ಲ ಅಳಿಸಿಹೋಗಿದೆ. ಒಣ ಚರ್ಮವನ್ನು ರಕ್ತ ಬರುವಂತೆ ಕೆರೆದುಕೊಳ್ಳುತ್ತಾರೆ, ನರ್ಸಮ್ಮ ಮುಟ್ಟಿದರೆ ಕಿರುಚುತ್ತಾರೆ. ಮಾವನನ್ನು ಮಾತ್ರ ತನ್ನ ಅಣ್ಣ ಎಂದುಕೊಂಡಿದ್ದಾರೆ. ಮಾವ ಅವರ ಬಿರಿದ ಹಿಮ್ಮಡಿಗೆ ಮೆಲ್ಲಗೆ ಲೋಷನ್ ಸವರುತ್ತಿದ್ದರು.

"ಈಗ ನೀರು. ಒಂದು ಗುಟುಕು ನಾನು, ಒಂದು ಗುಟುಕು ನೀನು. ಆಯ್ತಾ?"

ಮಾವ ನೀರು ಕುಡಿದರು! ಕಷಾಯ ಕುಡಿದವರಂತೆ ಮುಖ ಕಿವುಚಿಕೊಂಡು ಕುಡಿದರು. ನನ್ನನ್ನು ಕಂಡು, "ನರ್ಸಮ್ಮಂಗೆ ಹೇಳ್ಬಿಟ್ಟೀಯ ಮತ್ತೆ, ಮರ್ಯಾದೆ ಹೋಗುತ್ತೆ" ಎಂದು ಗದರಿದರು.

ಅಷ್ಟರಲ್ಲಿ ಆ ಮುದುಕರು ಬಾಟಲಿ ತೆಗೆದುಕೊಂಡು, ಮಾವನ ಮುಂಗೈಗೆ ಲೋಷನ್ ಹಚ್ಚತೊಡಗಿದರು.

"ಅಣ್ಣಾ, ನಿನ್ ಕೈ ಎಷ್ಟು ಒಣಗಿದೆ ನೋಡೋ. ಯಾರೂ ನೋಡ್ಕೊಳ್ಳಲ್ವಾ ನಿನ್ನ?"

ಎಲ್ಲದಕ್ಕೂ ಮಾತು ಸಿದ್ಧವಿಟ್ಟುಕೊಂಡಿರುವ ಮಾವ ಈ ಸಲ ಇನ್ನೊಂದು ಕೈಯನ್ನೂ ಮುಂದೆ ಚಾಚಿದರು.