ಹೇಮಾವತಿಯ ಪರ ವಕಾಲತ್ತು

ಟಿ.ವಿ.ಯವರು ಬೇರೆ ಯಾರ ಮೇಲೆ ಸುಳ್ಳು ಹೇಳಿದ್ದರೂ ದೇವರಾಜು ಸಹಿಸುತ್ತಿದ್ದರು. ಅವತ್ತು ಹೇಮಾವತಿಯ ಮೇಲೇ ಹೇಳಿಬಿಟ್ಟರು. "ಬತ್ತಿದಳು ಹೇಮೆ! ಹೊಳೆನರಸೀಪುರದಲ್ಲಿ ಹನಿ ನೀರಿಗೂ ಹಾಹಾಕಾರ!" ಎಂದು ನಿರೂಪಕಿ ಕಿರುಚಿದಳು. ಹಿಂದೆ ಬಾಯಿಬಿಟ್ಟ ನದಿ, ಅದಕ್ಕೊಂದು ಅಳುವ ಪಿಟೀಲು. ಆ ಊರಲ್ಲೇ ಹುಟ್ಟಿ, ಅಲ್ಲೇ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದ ದೇವರಾಜುವಿಗೆ ಮೈಯೆಲ್ಲ ಉರಿಯಿತು.

ಅಷ್ಟಕ್ಕೇ ಮುಗಿದಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದರು. ಆದರೆ ಸುದ್ದಿ ಚನ್ನರಾಯಪಟ್ಟಣದ ಬೀಗಿತ್ತಿ ರೇವಮ್ಮನ ಕಣ್ಣಿಗೂ ಬಿತ್ತು. ಮಗಳು ಭವ್ಯಶ್ರೀಗೆ ಆಗ ಏಳು ತಿಂಗಳು. ಚೊಚ್ಚಲ ಬಾಣಂತನ ತವರಿನ ಹಕ್ಕು. ಹೆಂಡತಿ ನಂಜಮ್ಮ ಹಳೇ ತಾಮ್ರದ ಹಂಡೆಗೆ ಹುಣಸೆಹಣ್ಣು ಹಾಕಿ ತಿಕ್ಕಿ, ಮುಖ ಕಾಣುವಂತೆ ಬೆಳಗಿ ಇಟ್ಟಿದ್ದರು. ಅಷ್ಟರಲ್ಲಿ ಫೋನು ಬಂತು.

"ಬೇಜಾರ್ ಮಾಡ್ಕಬ್ಯಾಡಿ ಬೀಗ್ರೇ. ಬಾಣಂತಿಗೆ ಹಂಡೆಗಟ್ಲೆ ನೀರು ಉಯ್ಬೇಕು. ನಿಮ್ಮೂರಲ್ಲಿ ಬಾಯ್ ಮುಕ್ಕಳ್ಸಕ್ಕೂ ನೀರಿಲ್ವಂತೆ. ಬಾಣಂತನ ನಾವೇ ಮಾಡ್ಕತೀವಿ ಬುಡಿ."

ನಂಜಮ್ಮ ಹಂಡೆಯ ಪಕ್ಕದಲ್ಲೇ ಕುಸಿದು ಕೂತು ಅತ್ತರು. ದೇವರಾಜು ಫೋನು ಕೆಳಗಿಟ್ಟು ಎದ್ದು ನಿಂತರು.

"ಅಳ್ಬ್ಯಾಡ ಕಣೆ! ಅಂಕಿಅಂಶ ಅಂತ ಒಂದೈತೆ ಪರ್ಪಂಚ್ದಲ್ಲಿ!"

ಅಂದಿನಿಂದ ಮನೆಯೇ ನೀರಾವರಿ ಇಲಾಖೆಯಾಯಿತು. (ಅಂಗಡಿಗೆ ಮೊಳೆ ಕೊಳ್ಳಲು ಬಂದವರೂ ಗೊರೂರು ಜಲಾಶಯದ ಒಳಹರಿವು ಕೇಳಿಸಿಕೊಂಡೇ ಹೋಗಬೇಕಿತ್ತು.) ಜಲಾಶಯದ ದಿನದ ವರದಿಗಳನ್ನು ಫೋನಿನಲ್ಲಿ ಹುಡುಕಿ ತೆಗೆದರು. ಟಿ.ವಿ.ಯವರ ಕಳ್ಳಾಟ ತಿಳಿಯಿತು: ಈ ಮೇ ತಿಂಗಳ ನೀರನ್ನು ಹೋದ ಆಗಸ್ಟಿನ ನೀರಿಗೆ ಹೋಲಿಸಿದ್ದರು! ಹೋದ ಮೇ ತಿಂಗಳಿಗೆ ಹೋಲಿಸಿದರೆ ಈ ಸಲ ನಾಲ್ಕು ಅಡಿ ಜಾಸ್ತಿಯೇ ಇತ್ತು. ಇನ್ನು ಆ ಬಾಯಿಬಿಟ್ಟ ನದಿ? ಚಿತ್ರವನ್ನು ನಿಲ್ಲಿಸಿ, ಹಿಗ್ಗಿಸಿ ನೋಡಿದರೆ ಮೂಲೆಯಲ್ಲೊಂದು ಬಸ್ಸು. ಬೋರ್ಡು ತೆಲುಗಿನಲ್ಲಿ.

"ನಮ್ಮ ಹೇಮಾವತಿ ಆಂಧ್ರಕ್ಕೆ ಯಾವಾಗ ಹೋದ್ಲೇ? ಯಾವಾಗ್ಲೂ ಚಿತ್ರದ ಮೂಲೆ ನೋಡ್ಬೇಕು ಕಣೆ, ಮೂಲೆ!"

ಪಂಚೆ ಎತ್ತಿಕಟ್ಟಿ ಹೊಳೆಯ ಮೊಣಕಾಲುದ್ದ ನೀರಿನಲ್ಲಿ ನಿಂತು, ಇಷ್ಟನ್ನೂ ಹೇಳಿ ವೀಡಿಯೊ ಮಾಡಿ ಬೀಗಿತ್ತಿಗೆ ಕಳಿಸಿದರು. ರೇವಮ್ಮ ಸಾಮಾನ್ಯದವರಲ್ಲ. "ಭಾನ್ವಾರ ನಾನೇ ಬಂದು ನೋಡ್ತೀನಿ" ಎಂದರು.

ಭಾನುವಾರ ಬೆಳಗ್ಗೆ ದೇವರಾಜು ಕೊನೆಯ ಸಿದ್ಧತೆಯಲ್ಲಿ ಜಲಾಶಯದ ಐದು ವರ್ಷದ ಮಟ್ಟವನ್ನು ತಾಳೆ ನೋಡುತ್ತಿದ್ದರು.

"ರೀ, ನಲ್ಲಿ ಬಂತು! ಸಂಪಿನ ವಾಲ್ವ್ ತಿರುಗ್ಸಿ!" ಅಡುಗೆಮನೆಯಿಂದ ನಂಜಮ್ಮ ಕೂಗಿದರು.

"ಆಯ್ತು ಕಣೆ," ಎಂದರು ದೇವರಾಜು, ಫೋನಿನಿಂದ ಕಣ್ಣೆತ್ತದೆ.

ಹತ್ತು ಗಂಟೆಗೆ ರೇವಮ್ಮ ಆಟೋದಲ್ಲಿ ಬಂದಿಳಿದರು. ಬಸ್ಸಿಳಿದವರು ಮನೆಗೂ ಬಾರದೆ ಮೊದಲು ಹೊಳೆಗೇ ಹೋಗಿ ಬಂದಿದ್ದರು!

"ಸೋತೆ ಕಣ್ರೀ ಬೀಗ್ರೇ. ಕಣ್ಣಾರೆ ನೋಡ್ದೆ, ನೀರು ಅರೀತೈತೆ. ಆ ಟೀವಿಯೋರ ಬಾಯಿಗೆ ಮಣ್ಣಾಕ!"

ದೇವರಾಜುವಿನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು. ಸತ್ಯ ಗೆದ್ದಿತ್ತು, ಅಂಕಿ ಗೆದ್ದಿತ್ತು, ತವರು ಗೆದ್ದಿತ್ತು. ಚಕ್ರವರ್ತಿಯ ಗತ್ತಿನಲ್ಲಿ ಆಜ್ಞಾಪಿಸಿದರು: "ನಂಜೂ, ಬೀಗರ ಕಾಲಿಗೆ ನೀರ್ ಕೊಡು!"

ನಂಜಮ್ಮ ಅಂಗಳದ ನಲ್ಲಿ ತಿರುಗಿಸಿದರು. ನಲ್ಲಿ 'ಟುಸ್' ಎಂದಿತು. ಬಚ್ಚಲ ನಲ್ಲಿಯೂ ಅದನ್ನೇ ಹೇಳಿತು. ಸಂಪಿನ ಮುಚ್ಚಳ ಎತ್ತಿದರೆ ತಳದ ಸಿಮೆಂಟು ಒಣಗಿ ಬೆಳ್ಳಗಿತ್ತು.

"ಬೆಳಗ್ಗೆ ವಾಲ್ವ್ ತಿರುಗ್ಸಿದ್ರಾ?"

"ಗೊರೂರಲ್ಲಿ ಇವತ್ತಿನ ಮಟ್ಟ..."

"ಗೊರೂರು ಕಟ್ಕಂಡು ನಾನೇನ್ ಮಾಡ್ಲಿ!" ಎಂದರು ನಂಜಮ್ಮ. ಕೈಗೆ ಬಂದ ಬಾಣಂತನ ಜಾರಿತೆಂದೇ ಅವರು ತಿಳಿದರು.

ರೇವಮ್ಮ ಸಂಪಿನೊಳಗೆ ಬಗ್ಗಿ ನೋಡಿದರು, ಬೀಗರ ಮುಖ ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಊರಿಗೆಲ್ಲ ನೀರು ತೋರ್ಸಿದ್ರಿ, ಮನೇಲಿ ಮಾತ್ರ ಬರಗಾಲ! ಓಗ್ಲಿ, ಸೊಸೇನ ಕಳಿಸ್ತೀನಿ. ಆದ್ರೆ ದಿನಾ ಸಂಪಿನ ಮಟ್ಟ ಅಳ್ದು ನಂಗೆ ಫೋಟೋ ಕಳಿಸ್ಬೇಕು. ಲೆಕ್ಕಾಚಾರ್ದಲ್ಲಿ ನೀವು ಗಟ್ಟಿಗ್ರಲ್ವಾ?"

ಕಾಲಿಗೆ ನೀರನ್ನು ಪಕ್ಕದ ಮನೆಯಿಂದ ದೇವರಾಜುವೇ ಹೊತ್ತು ತಂದರು.

ಈಗ ಮೊಮ್ಮಗಳು ಬಂದಿದ್ದಾಳೆ. ನಂಜಮ್ಮನ ಹಂಡೆ ಮುಂಜಾನೆಯೇ ಹಬೆಯಾಡುತ್ತದೆ. ಹೆಂಡತಿಯ ಮುಖದ ಕಳೆ ನೋಡಿದರೆ ದೇವರಾಜುವಿಗೆ ಹೊಟ್ಟೆ ತುಂಬುತ್ತದೆ. ದಿನವೂ ಅಂಗಡಿಯ ಟೇಪು ಹಿಡಿದು ಸಂಪಿಗೆ ಬಗ್ಗುತ್ತಾರೆ, ಫೋಟೋ ಕಳಿಸುತ್ತಾರೆ.

ಮೊನ್ನೆ ಸೊಂಟ ಹಿಡಿದಿತ್ತು. ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು ಹಿಂದಿನ ದಿನದ ಫೋಟೋವನ್ನೇ ಕಳಿಸಿಬಿಟ್ಟರು. ತಕ್ಷಣ ಫೋನು ಬಂತು.

"ಬೀಗ್ರೇ, ಇದು ನೆನ್ನೆ ಫೋಟೋ. ಮೂಲೇಲಿ ನಂಜಮ್ಮೋರ ಸೆರಗು ಕಾಣ್ತೈತೆ ನೋಡಿ, ಅದು ನೆನ್ನೆ ಉಟ್ಟಿದ್ದ ಸೀರೆ. ನೀವೂ ಟೀವಿಯೋರಂಗೆ ಆಗ್ಬುಟ್ರಾ?"

ದೇವರಾಜು ಸೊಂಟ ಹಿಡಿದುಕೊಂಡೇ ಎದ್ದು ಟೇಪು ಹುಡುಕಿದರು.